ಕಾವು, ಮರಿ, ಮದ್ದು: ಕರ್ನಾಟಕದ ಹಿತ್ತಲ ಕೋಳಿಯ ಚರಿತ್ರೆ

ಕರ್ನಾಟಕದ ಹಳ್ಳಿಗಳಲ್ಲಿ ಕೋಳಿ ಸಾಕಣೆ ಬಹುಕಾಲ ಹೆಂಗಸರ ಕೈಯಲ್ಲೇ ಇದ್ದ ಕಸುಬು. ಎತ್ತು, ಎಮ್ಮೆ, ಕುರಿಗಳ ಕೊಡುಕೊಳ್ಳುವಿಕೆ ಗಂಡಸರದಾದರೆ, ಹಿತ್ತಲಲ್ಲಿ ಕೆದಕಿ ತಿನ್ನುವ ನಾಲ್ಕಾರು ಹೇಂಟೆ, ಒಂದು ಹುಂಜ, ಅವುಗಳ ಮೊಟ್ಟೆ ಮರಿ ಮನೆಯಾಕೆಯ ಲೆಕ್ಕಕ್ಕೆ ಸೇರುತ್ತಿದ್ದವು. ಸಂತೆಯಲ್ಲಿ ಮೊಟ್ಟೆ ಮಾರಿ ಬಂದ ಕಾಸು ಉಪ್ಪು, ಸೀಮೆಎಣ್ಣೆ, ಮಕ್ಕಳ ಬಳಪಕ್ಕೆ ಆಗುತ್ತಿತ್ತು. ನೆಂಟರು ಬಂದಾಗ ಸಾರಿಗೆ, ಹರಕೆ ಬಂದಾಗ ದೇವರಿಗೆ, ಕಷ್ಟ ಬಂದಾಗ ಮಾರಾಟಕ್ಕೆ ಒದಗುತ್ತಿದ್ದ ಆಸ್ತಿ ಇದು. ಈ ಸಾಕಣೆಗೆ ಮೂರು ಆಧಾರಗಳಿದ್ದವು: ತಾನೇ ಕಾವು ಕೂರುವ ಹೇಂಟೆ, ತಾನೇ ಮೇವು ಹುಡುಕಿಕೊಳ್ಳುವ ಮರಿ, ಕಾಯಿಲೆಯನ್ನು ಗುರುತಿಸಿ ಮದ್ದು ಮಾಡುವ ಮನೆಯವರ ತಿಳಿವಳಿಕೆ. 20ನೇ ಶತಮಾನದ ಸುಧಾರಣೆಗಳು ಈ ಮೂರನ್ನೂ ಮುಟ್ಟಿದವು. ಕಾಯಿಲೆಯ ವಿಷಯದಲ್ಲಿ ಅವು ಹಳ್ಳಿಗೆ ಕೊಟ್ಟದ್ದು ದೊಡ್ಡದು. ಕಾವಿನ ವಿಷಯದಲ್ಲಿ ಕಿತ್ತುಕೊಂಡದ್ದೂ ಸಣ್ಣದಲ್ಲ.

ಕಾಡಿನಿಂದ ಹಿತ್ತಲಿಗೆ

ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ಆಗ್ನೇಯ ಏಷ್ಯಾದಲ್ಲಿ ಅದು ಮನುಷ್ಯನ ನೆರೆಗೆ ಬಂತು ಎಂಬುದು ಇಂದಿನ ಸಂಶೋಧನೆಗಳ ಒಲವು. ಖಚಿತವಾಗಿ ಸಾಕುಕೋಳಿಯದೆನ್ನಬಹುದಾದ ಅತಿ ಹಳೆಯ ಮೂಳೆಗಳು ಥಾಯ್ಲೆಂಡಿನ ಬಾನ್ ನೋನ್ ವಾಟ್ ಎಂಬಲ್ಲಿ ದೊರೆತಿವೆ ಎಂದೂ, ಅವು ಕ್ರಿ.ಪೂ. 1650ರಿಂದ 1250ರ ನಡುವಿನವು ಎಂದೂ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಭತ್ತ ಮತ್ತು ಸಿರಿಧಾನ್ಯ ಬೆಳೆಯುವ ಗದ್ದೆಯಂಚಿಗೆ ಕಾಳಿನ ಆಸೆಯಿಂದ ಬಂದ ಹಕ್ಕಿ ಅಲ್ಲಿಯೇ ಉಳಿಯಿತು ಎಂಬುದು ಅದರ ವಿವರಣೆ. ದಕ್ಷಿಣ ಭಾರತಕ್ಕೂ ಈ ವಂಶಾವಳಿಯಲ್ಲಿ ಪಾಲಿದೆ. ಸಾಕುಕೋಳಿಗಳಲ್ಲಿ ಕಾಣುವ ಹಳದಿ ಚರ್ಮದ ಗುಣ ಬಂದದ್ದು ಪಶ್ಚಿಮ ಘಟ್ಟಗಳಲ್ಲಿ ಇಂದಿಗೂ ಕೂಗುವ ಬೂದು ಕಾಡುಕೋಳಿಯಿಂದ ಎಂಬುದನ್ನು 2008ರಲ್ಲಿ ವಂಶವಾಹಿಗಳ ಅಧ್ಯಯನ ತೋರಿಸಿಕೊಟ್ಟಿತು.

ಕನ್ನಡ ನಾಡಿನ ಹಳೆಯ ಬರಹಗಳಲ್ಲಿ ಕೋಳಿ ಕಾಣಿಸುವುದು ಹೆಚ್ಚಾಗಿ ಆಟದಲ್ಲಿ ಮತ್ತು ಬಲಿಯಲ್ಲಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸರ ವಿನೋದಗಳಲ್ಲಿ ಕೋಳಿ ಕಾಳಗವನ್ನೂ ಸೇರಿಸುತ್ತದೆ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯ ಕಥೆ ತಿರುಗುವುದೇ ಹಿಟ್ಟಿನ ಕೋಳಿಯೊಂದರ ಸುತ್ತ. ಜೀವವಿಲ್ಲದ ಆ ಕೋಳಿಯನ್ನು ಬಲಿ ಕೊಟ್ಟ ಸಂಕಲ್ಪದ ಪಾಪಕ್ಕೆ ದೊರೆ ಯಶೋಧರ, ಅವನ ತಾಯಿ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಿ, ಒಂದು ಜನ್ಮದಲ್ಲಿ ಕೋಳಿಗಳಾಗಿಯೇ ಹುಟ್ಟುತ್ತಾರೆ. ಕೋಳಿ ಬಲಿ ಆ ಕಾಲದ ಜನರಿಗೆ ಎಷ್ಟು ಪರಿಚಿತವಾಗಿತ್ತೆಂದರೆ ಅಹಿಂಸೆಯ ಕಥೆಗೆ ಅದೇ ತಿರುಳಾಯಿತು. ಮಾರಮ್ಮನ ಹಬ್ಬದ ಹರಕೆ ಕೋಳಿ, ತುಳುನಾಡಿನ ಕೋಳಿ ಅಂಕವಾದ ಕೋರಿಕಟ್ಟ ಇವು ಈ ಪರಂಪರೆಯ ಮುಂದುವರಿಕೆ. ರಾಜ್ಯದಲ್ಲಿ 1959ರ ಪ್ರಾಣಿಬಲಿ ನಿಷೇಧ ಕಾಯ್ದೆ, ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಬಂದ ಮೇಲೆ ಇವೆರಡರ ಸ್ಥಾನವೂ ಬದಲಾಯಿತು. ಆದರೆ ಅಂಕಕ್ಕೂ ಹರಕೆಗೂ ಬೇಕಾದ ಹುಂಜವನ್ನು ಮೊಟ್ಟೆಯಿಂದ ದೊಡ್ಡದು ಮಾಡಿದವರ ಕೆಲಸವನ್ನು ಯಾವ ಗ್ರಂಥವೂ ಬರೆದಿಡಲಿಲ್ಲ. ಅದು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ದಾಟಿಕೊಂಡು ಬಂತು.

ಕಾವಿಗೆ ಕೂರಿಸುವುದು

ನಾಟಿ ಹೇಂಟೆ ಒಂದು ಸರದಿಗೆ 12ರಿಂದ 15 ಮೊಟ್ಟೆ ಇಟ್ಟು ಕಾವಿಗೆ ಬರುತ್ತದೆ. ಮೈ ಉಬ್ಬಿಸಿ, ಗೂಡು ಬಿಟ್ಟೇಳದೆ, ಹತ್ತಿರ ಹೋದವರನ್ನು ಕುಕ್ಕಲು ಬರುವುದು ಅದರ ಗುರುತು. ಮೊಟ್ಟೆಗಳನ್ನು ಅದುವರೆಗೆ ರಾಗಿ ಅಥವಾ ಬೂದಿ ತುಂಬಿದ ಮಡಕೆಯಲ್ಲಿ ತಂಪಾಗಿ ಇಟ್ಟಿರುತ್ತಾರೆ. ವಾರ ಹತ್ತು ದಿನಕ್ಕಿಂತ ಹಳೆಯ ಮೊಟ್ಟೆ ಕಾವಿಗೆ ಬಾರದು ಎಂಬುದು ಅನುಭವದ ಮಾತು. ದಿನ ಕಳೆದಂತೆ ಮರಿಯಾಗುವ ಶಕ್ತಿ ಕುಂದುತ್ತದೆ ಎಂದು ವಿಜ್ಞಾನವೂ ಹೇಳುತ್ತದೆ. ಹಳೆಯ ಮಂಕರಿಗೆ ಮರಳೋ ಬೂದಿಯೋ ಹಾಸಿ, ಅದರ ಮೇಲೆ ಹುಲ್ಲು ಹರಡಿ, ಹೇಂಟೆಯ ಮೈಯಡಿ ಅಡಗುವಷ್ಟು, ಅಂದರೆ ಹತ್ತು ಹನ್ನೆರಡು ಮೊಟ್ಟೆ ಇಟ್ಟು, ಕತ್ತಲಾದ ಮೇಲೆ ಹೇಂಟೆಯನ್ನು ಕೂರಿಸುವುದು ವಾಡಿಕೆ. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಪಕ್ಕದಲ್ಲಿ ಕಬ್ಬಿಣದ ಚೂರು, ಇದ್ದಿಲು, ಒಣಮೆಣಸಿನಕಾಯಿ ಇಡುವ ನಂಬಿಕೆ ಹಲವೆಡೆ ಇದೆ.

ಮೊಟ್ಟೆ ಮರಿಯಾಗಲು 21 ದಿನ ಬೇಕು. ಆ ಅವಧಿಯಲ್ಲಿ ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಶಾಖ, ಸಾಕಷ್ಟು ತೇವ, ಆಗಾಗ ಹೊರಳಿಸುವಿಕೆ ಮೂರೂ ನಡೆಯಬೇಕು. ಹೊರಳಿಸದಿದ್ದರೆ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿ ಸಾಯುತ್ತದೆ. ಹೇಂಟೆ ಇದೆಲ್ಲವನ್ನೂ ಕೊಕ್ಕು, ಕಾಲು, ಎದೆಯ ಬರಿ ಚರ್ಮದಿಂದ ನಡೆಸುತ್ತದೆ. ದಿನಕ್ಕೊಮ್ಮೆ ಎದ್ದು ನೀರು ಕುಡಿದು, ಕಾಳು ತಿಂದು, ಹಿಕ್ಕೆ ಹಾಕಿ ಬಂದು ಮತ್ತೆ ಕೂರುತ್ತದೆ. ಏಳನೆಯ ದಿನದ ಹೊತ್ತಿಗೆ ಮೊಟ್ಟೆಯನ್ನು ದೀಪದ ಬೆಳಕಿಗೆ ಹಿಡಿದರೆ ಕಟ್ಟಿದ ಮೊಟ್ಟೆಯಲ್ಲಿ ನೆತ್ತರಿನ ಎಳೆಗಳು ಕಾಣುತ್ತವೆ. ತಿಳಿಯಾಗಿಯೇ ಉಳಿದದ್ದನ್ನು ತೆಗೆಯುತ್ತಾರೆ. ಕೊನೆಯ ದಿನಗಳಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ತೇಲಿಬಿಟ್ಟು, ಒಳಗೆ ಜೀವವಿರುವ ಮೊಟ್ಟೆ ಅಲುಗುವುದನ್ನು ನೋಡುವ ಪದ್ಧತಿಯೂ ಇತ್ತು.

ಮರಿ ಬೇಡವಾಗಿ ಮೊಟ್ಟೆ ಮಾತ್ರ ಬೇಕಾದಾಗ ಕಾವು ಬಿಡಿಸಲು ಹೇಂಟೆಯನ್ನು ತಣ್ಣೀರಿನಲ್ಲಿ ಅದ್ದುತ್ತಿದ್ದರು, ಇಲ್ಲವೇ ಗೂಡಿನಿಂದ ದೂರ ಕಟ್ಟಿಹಾಕುತ್ತಿದ್ದರು. ಹಾಗೆ ಕಾವು ಬಿಡಿಸದಿದ್ದರೆ ಮೊಟ್ಟೆ, ಕಾವು, ಮರಿ ಸಾಕಣೆ ಸೇರಿ ವರ್ಷಕ್ಕೆ ಮೂರು ನಾಲ್ಕು ಸರದಿ ಮಾತ್ರ. ನಾಟಿ ಕೋಳಿ ವರ್ಷಕ್ಕೆ 40ರಿಂದ 60 ಮೊಟ್ಟೆಗಷ್ಟೇ ನಿಲ್ಲುವುದು ಇದರಿಂದಲೇ. ಕೋಳಿಯಿಲ್ಲದ ಮನೆಗೆ ಕೋಳಿ ಬರುತ್ತಿದ್ದುದೂ ಕಾವಿನ ಮೂಲಕವೇ. ಒಬ್ಬಾಕೆ ತನ್ನ ಹೇಂಟೆಯನ್ನು ನೆರೆಯಾಕೆಗೆ ಪಾಲಿಗೆ ಕೊಡುತ್ತಿದ್ದಳು. ಎದ್ದ ಮರಿಗಳಲ್ಲಿ ಅರ್ಧ ಒಡತಿಗೆ, ಅರ್ಧ ಸಾಕಿದವಳಿಗೆ. ಕೈಯಲ್ಲಿ ಕಾಸಿಲ್ಲದವರೂ ಈ ಏರ್ಪಾಡಿನಿಂದ ಹಿಂಡು ಕಟ್ಟಬಹುದಾಗಿತ್ತು.

ಮರಿಯ ಪಾಲನೆ

ಮೊಟ್ಟೆಯೊಡೆದ ಮರಿಗೆ ಮೊದಲ ಒಂದೆರಡು ದಿನ ಹೊಟ್ಟೆಯೊಳಗೆ ಸೇರಿಕೊಂಡ ಹಳದಿಯೇ ಆಹಾರ. ಆಮೇಲೆ ನುಚ್ಚಕ್ಕಿ, ನವಣೆ, ರಾಗಿ ಹಾಕುತ್ತಾರೆ. ಬೆಳವಣಿಗೆಗೆ ಬೇಕಾದ ಸಸಾರಜನಕ ಗೆದ್ದಲಿನಿಂದ ಬರುತ್ತಿತ್ತು. ಹಳೆಯ ಮಡಕೆಗೆ ಒಣ ಸಗಣಿ, ಹುಲ್ಲು ತುಂಬಿ, ನೀರು ಚಿಮುಕಿಸಿ, ಗೆದ್ದಲಿರುವ ಜಾಗದಲ್ಲಿ ಸಂಜೆ ಬೋರಲು ಹಾಕಿದರೆ ಬೆಳಗಿನೊಳಗೆ ಗೆದ್ದಲು ಮುತ್ತಿರುತ್ತಿತ್ತು. ಅದನ್ನು ಮರಿಗಳ ಮುಂದೆ ಕೊಡವುತ್ತಿದ್ದರು. ಶಾಖಕ್ಕೆ ತಾಯಿಯ ರೆಕ್ಕೆ ಸಾಕಿತ್ತು. ತಾಯಿಯಿಲ್ಲದ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಮುಂದೆ ವಾರವಾರ ಇಳಿಸುತ್ತ ಹೋಗಬೇಕು. ಇಂದು ಬಲ್ಬು ಹಾಕಿದ ಬ್ರೂಡರ್ ಮಾಡುವ ಕೆಲಸ ಇದೇ. ಹಗಲು ಹದ್ದು, ಕಾಗೆ, ಮುಂಗುಸಿ, ರಾತ್ರಿ ಕಾಡುಬೆಕ್ಕು, ಹಾವು. ಇವುಗಳ ಕಣ್ಣು ತಪ್ಪಿಸಲು ಮರಿಗಳನ್ನು ಮಂಕರಿ ಕವುಚಿ ಮುಚ್ಚುವುದು, ಸಂಜೆ ಎಣಿಸಿ ಗೂಡಿಗೆ ಸೇರಿಸುವುದು ಮನೆಯ ಮಕ್ಕಳ ಕೆಲಸವಾಗಿತ್ತು.

ಕಾಯಿಲೆ ಮತ್ತು ಮದ್ದು

ಮನೆಮದ್ದು ಕೆಲವು ಕಾಯಿಲೆಗಳಿಗೆ ನಿಜಕ್ಕೂ ಆಗಿಬರುತ್ತಿತ್ತು. ಹೇನು, ಉಣ್ಣೆಗೆ ಬೂದಿಯ ಗುಂಡಿಯಲ್ಲಿ ಹೊರಳಲು ಬಿಡುವುದು, ಸೀತಾಫಲದ ಬೀಜದ ಪುಡಿ ಸವರುವುದು ಫಲ ಕೊಡುವ ಉಪಾಯಗಳು. ಜುಟ್ಟು, ಕಣ್ಣಂಚಿನಲ್ಲಿ ಸಿಡುಬಿನ ಗುಳ್ಳೆ ಎದ್ದಾಗ ಬೇವಿನೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚುತ್ತಿದ್ದರು. ಸಿಡುಬು ವೈರಸ್ಸಿನದಾದ್ದರಿಂದ ಈ ಲೇಪ ಅದನ್ನು ಗುಣಪಡಿಸದಿದ್ದರೂ ಹುಣ್ಣು ಕೀವಾಗದಂತೆ ನೊಣ ಕೂರದಂತೆ ನೋಡಿಕೊಳ್ಳುತ್ತಿತ್ತು. ನೆಗಡಿ, ಗೊರಗೊರ ಉಸಿರಿಗೆ ಬೆಳ್ಳುಳ್ಳಿ, ಮೆಣಸು, ತುಳಸಿ ಅರೆದು ಉಂಡೆ ಮಾಡಿ ನುಂಗಿಸುತ್ತಿದ್ದರು.

ಎಳೆಮರಿಗಳ ಭೇದಿಯ ಎದುರು ಈ ಮದ್ದುಗಳು ಸಾಲುತ್ತಿರಲಿಲ್ಲ. ಹಿಂಬದಿಗೆ ಸುಣ್ಣದಂತೆ ಅಂಟುವ ಬಿಳಿ ಭೇದಿ ಬ್ಯಾಕ್ಟೀರಿಯಾದಿಂದ ಬರುತ್ತದೆ, ಸೋಂಕು ತಾಯಿಯಿಂದ ಮೊಟ್ಟೆಯೊಳಗೇ ಮರಿಗೆ ದಾಟುತ್ತದೆ. ಹಾಗಾಗಿ ಮರಿಗೆ ಮದ್ದು ಹಾಕುವುದಕ್ಕಿಂತ ಸೋಂಕಿರುವ ಹೇಂಟೆಯ ಮೊಟ್ಟೆಯನ್ನು ಕಾವಿಗೆ ಇಡದಿರುವುದೇ ಸರಿಯಾದ ದಾರಿ. ರಕ್ತಭೇದಿ ತೇವದ ನೆಲದಲ್ಲಿ ಬೆಳೆಯುವ ಕಾಕ್ಸಿಡಿಯಾ ಎಂಬ ಪರಾವಲಂಬಿಯದು. ಸಲ್ಫಾ ಔಷಧ ಅದಕ್ಕೆ ಹಿಡಿತ ಹಾಕುತ್ತದೆ ಎಂಬುದು 1939ರಲ್ಲಿ ಅಮೆರಿಕದಲ್ಲಿ ಗೊತ್ತಾಯಿತು. ಭತ್ತದ ಹೊಟ್ಟಿನ ಹಾಸನ್ನು ಒಣಗಿಡಬೇಕು, ನೀರಿನ ತಟ್ಟೆ ಚೆಲ್ಲದಂತೆ ನೋಡಬೇಕು ಎಂಬ ಸಲಹೆಯ ಹಿಂದಿರುವುದು ಈ ರೋಗವೇ.

ಎಲ್ಲಕ್ಕಿಂತ ಭೀಕರವಾದದ್ದು ಕೊಕ್ಕರೆ ರೋಗ. ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವಿಕೆ, ರೆಕ್ಕೆ ಜೋಲುವಿಕೆ ಕಂಡ ಕೆಲವೇ ದಿನಗಳಲ್ಲಿ ಊರಿನ ಕೋಳಿಗಳೆಲ್ಲ ಖಾಲಿಯಾಗುತ್ತಿದ್ದವು. 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಕಂಡ ಈ ರೋಗ 1927–28ರ ಹೊತ್ತಿಗೆ ಕುಮಾವೂಂ ಬೆಟ್ಟಗಳ ರಾಣಿಖೇತ್‌ನಲ್ಲಿ ಗುರುತಾಗಿ, ಭಾರತದಲ್ಲಿ ಆ ಊರಿನ ಹೆಸರನ್ನೇ ಪಡೆಯಿತು. ಅದೇ ಬೆಟ್ಟಸಾಲಿನ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ 1940ರ ದಶಕದಲ್ಲಿ, ರೋಗದ ವೈರಸ್ಸನ್ನು ಕೋಳಿಮೊಟ್ಟೆಯ ಭ್ರೂಣದಲ್ಲಿ ಮತ್ತೆ ಮತ್ತೆ ಬೆಳೆಸಿ ಅದರ ತೀಕ್ಷ್ಣತೆ ಇಳಿಸಿದ ಲಸಿಕೆ ಸಿದ್ಧವಾಯಿತು. ಇದನ್ನು ತಾಳಿಕೊಳ್ಳಬಲ್ಲದ್ದು ಬೆಳೆದ ಕೋಳಿ ಮಾತ್ರ. ಎಳೆಮರಿಗೆ ಕಣ್ಣಿಗೋ ಮೂಗಿಗೋ ಹನಿ ಬಿಡುವ ಸೌಮ್ಯ ಲಸಿಕೆ ಆಮೇಲೆ ಬಂತು. ಮೊದಲ ವಾರದಲ್ಲಿ ಹನಿ, ಆರೇಳು ವಾರ ದಾಟಿದ ಮೇಲೆ ರೆಕ್ಕೆಯಡಿ ಚುಚ್ಚುಮದ್ದು ಎಂಬ ಕ್ರಮ ಹೀಗೆ ನೆಲೆಗೊಂಡಿತು. 1920ರ ದಶಕದಲ್ಲಿ ಮೈಸೂರು ಸಂಸ್ಥಾನ ದನಗಳ ರೋಗಕ್ಕಾಗಿ ಹೆಬ್ಬಾಳದಲ್ಲಿ ಸ್ಥಾಪಿಸಿದ ಸೀರಂ ಸಂಸ್ಥೆಯೇ ಮುಂದೆ ಕೋಳಿ ಲಸಿಕೆಗಳನ್ನೂ ತಯಾರಿಸಿತು. ಕೊಕ್ಕರೆ ರೋಗಕ್ಕೆ ಮದ್ದಿಲ್ಲ, ತಡೆ ಮಾತ್ರ ಇದೆ. ಆದ್ದರಿಂದ ಹಿತ್ತಲ ಕೋಳಿಯ ಚರಿತ್ರೆಯಲ್ಲಿ ಈ ಲಸಿಕೆಯಷ್ಟು ಉಪಕಾರ ಮಾಡಿದ್ದು ಬೇರೊಂದಿಲ್ಲ. ಆದರೆ ತಂಪಿನಲ್ಲೇ ಇಡಬೇಕಾದ, ನೂರಾರು ಡೋಸುಗಳ ಒಂದು ಸೀಸೆ ಐದು ಕೋಳಿಯ ಮನೆಗೆ ಹೊಂದುವುದಿಲ್ಲ. ಊರಿನವರೆಲ್ಲ ಒಂದೇ ದಿನ ಕೋಳಿ ಹಿಡಿದು ತಂದಾಗ ಮಾತ್ರ ಅದು ಸಾರ್ಥಕವಾಗುತ್ತದೆ.

ಸೀಮೆಕೋಳಿಯ ಕಾಲ

ವಿದೇಶಿ ತಳಿಗಳನ್ನು ಹಳ್ಳಿಗೆ ತರುವ ಪ್ರಯತ್ನ 20ನೇ ಶತಮಾನದ ಆರಂಭದಲ್ಲಿ ಮಿಷನರಿಗಳಿಂದ ಶುರುವಾಯಿತು. ಉತ್ತರ ಪ್ರದೇಶದ ಏಟಾದ ಅಮೆರಿಕನ್ ಮಿಷನ್ ಅದರಲ್ಲಿ ಹೆಸರು ಮಾಡಿತ್ತು. ಸ್ವಾತಂತ್ರ್ಯಾನಂತರ ಎರಡನೆಯ ಪಂಚವಾರ್ಷಿಕ ಯೋಜನೆಯಲ್ಲಿ ಬೆಂಗಳೂರು, ಮುಂಬೈ, ಭುವನೇಶ್ವರ, ದೆಹಲಿ, ಶಿಮ್ಲಾಗಳಲ್ಲಿ ಪ್ರಾದೇಶಿಕ ಕೋಳಿ ಫಾರಂಗಳು ತೆರೆದವು. ಬೆಂಗಳೂರು ಬಳಿಯ ಹೆಸರಘಟ್ಟ ಈ ಕೆಲಸದ ದಕ್ಷಿಣದ ಕೇಂದ್ರವಾಯಿತು. ಬಿಳಿ ಲೆಗ್‌ಹಾರ್ನ್, ರೋಡ್ ಐಲೆಂಡ್ ರೆಡ್ ಹುಂಜಗಳನ್ನು ಕೊಟ್ಟು ನಾಟಿ ಹಿಂಡಿನ ರಕ್ತ ಸುಧಾರಿಸುವುದು ಆಗಿನ ಉದ್ದೇಶ. ಮುಂದೆ ಹಿತ್ತಲ ತಳಿಯೊಂದನ್ನು ಕೊಡಲಿದ್ದ ಬೆಂಗಳೂರು ಪಶುವೈದ್ಯ ಕಾಲೇಜು 1958ರಲ್ಲಿ ಹೆಬ್ಬಾಳದಲ್ಲಿ ಶುರುವಾಯಿತು.

ಲೆಗ್‌ಹಾರ್ನ್ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಮೊಟ್ಟೆ ಇಡುವುದು ಕಾವಿಗೆ ಕೂರುವ ಗುಣವನ್ನು ಆಯ್ಕೆಯ ಮೂಲಕ ಅಳಿಸಿದ್ದರಿಂದ. ಕಾವು ತರಿಸುವುದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು. ಅದು ಏರಿದಾಗ ಮೊಟ್ಟೆ ನಿಲ್ಲುತ್ತದೆ. ಕಾವು ಹೋದರೆ ಮೊಟ್ಟೆ ಹೆಚ್ಚುತ್ತದೆ, ಆದರೆ ಮರಿ ಮಾಡಲು ಯಂತ್ರ ಬೇಕಾಗುತ್ತದೆ. 1960ರ ದಶಕದ ನಂತರ ಈ ದಾರಿಯಲ್ಲೇ ದೊಡ್ಡ ಉದ್ಯಮ ಬೆಳೆಯಿತು. ಸಾವಿರಾರು ಮೊಟ್ಟೆಗಳ ಇನ್‌ಕ್ಯುಬೇಟರ್, ಪಂಜರದ ಶೆಡ್, ಕಾರ್ಖಾನೆಯ ಆಹಾರ ಬಂದವು. ಮೊಟ್ಟೆ ಅಗ್ಗವಾಗಿ ಬಡವರ ತಟ್ಟೆಗೂ ಬಂತು. ಹಿತ್ತಲಿನಾಕೆಯ ಲೆಕ್ಕಕ್ಕೆ ಅದರಲ್ಲಿ ಜಾಗವಿರಲಿಲ್ಲ.

ಗಿರಿರಾಜ ಮತ್ತು ನಾಟಿ ತಾಯಿ

ಹಿತ್ತಲಿಗೇ ತಕ್ಕ ತಳಿ ಬೇಕೆಂಬ ಯೋಚನೆ 1980ರ ದಶಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಫಲ ಕೊಟ್ಟಿತು. ಅಲ್ಲಿ ರೂಪುಗೊಂಡ ಗಿರಿರಾಜ ನಾಟಿ ಕೋಳಿಯಂತೆ ಬಣ್ಣದ ಗರಿಯದು, ಹೊರಗೆ ಮೇಯಬಲ್ಲದು, ಬೇಗ ತೂಗುತ್ತದೆ, ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ. ಹೈದರಾಬಾದಿನ ಸಂಶೋಧಕರ ವನರಾಜ, ಬೆಂಗಳೂರು ಪಶುವೈದ್ಯ ಕಾಲೇಜಿನ ಸ್ವರ್ಣಧಾರಾ ಇದೇ ಗುರಿಯ ತಳಿಗಳು. ಇವಾವೂ ಸರಿಯಾಗಿ ಕಾವಿಗೆ ಕೂರುವುದಿಲ್ಲ. ಹಾಗಾಗಿ ಹೆಂಗಸರು ತಾವೇ ಒಂದು ದಾರಿ ಮಾಡಿಕೊಂಡರು: ಗಿರಿರಾಜದ ಮೊಟ್ಟೆಯನ್ನು ನಾಟಿ ಹೇಂಟೆಯ ಅಡಿ ಇಟ್ಟು ಮರಿ ಮಾಡಿಸಿದರು. ತಳಿ ತಜ್ಞರ ಮತ್ತು ಹಿತ್ತಲಿನ ತಿಳಿವಳಿಕೆ ಸೇರಿದ್ದು ಈ ಮಂಕರಿಯಲ್ಲಿ. ಹೀಗೆ ಮಾಡಿಸಿದ ಮರಿಗಳ ಮುಂದಿನ ತಲೆಮಾರಿನಲ್ಲಿ ಮಿಶ್ರತಳಿಯ ಗುಣಗಳು ಚದುರುವುದರಿಂದ ಹೊಸ ಮರಿಗೆ ಫಾರಂ ಕಡೆ ನೋಡುವುದು ಮಾತ್ರ ತಪ್ಪಲಿಲ್ಲ.

2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಭಾರತದ ಮೊದಲ ಹಕ್ಕಿಜ್ವರ ಕಾಣಿಸಿತು. ಅಂದಿನಿಂದ ರೋಗ ಕಂಡ ವಲಯದಲ್ಲಿ ಹಿತ್ತಲ ಕೋಳಿಗಳನ್ನೂ ಕೊಲ್ಲುವ ನಿಯಮ ಬಂತು. ಆದರೂ ಹಿತ್ತಲ ಸಾಕಣೆ ಕುಗ್ಗಲಿಲ್ಲ. 2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದ ಸುಮಾರು 85 ಕೋಟಿ ಕೋಳಿ ಮತ್ತಿತರ ಸಾಕುಹಕ್ಕಿಗಳಲ್ಲಿ ಸುಮಾರು 31.7 ಕೋಟಿ ಹಿತ್ತಲಿನವು. 2012ಕ್ಕೆ ಹೋಲಿಸಿದರೆ ಇದು ಶೇ 46ರಷ್ಟು ಏರಿಕೆ. ಆಂಧ್ರ ಮತ್ತು ಕರ್ನಾಟಕಕ್ಕೆ ಸೇರಿದ ಘಾಗಸ್‌ನಂಥ ನಾಟಿ ತಳಿಗಳು ರಾಷ್ಟ್ರೀಯ ತಳಿ ನೋಂದಣಿಯಲ್ಲಿ ಜಾಗ ಪಡೆದಿವೆ. ಲಸಿಕೆ ಸಕಾಲಕ್ಕೆ ಹಳ್ಳಿಗೆ ತಲುಪುವುದು, ಕಾವಿಗೆ ಕೂರುವ ನಾಟಿ ಹೇಂಟೆ ಹಿಂಡಿನಲ್ಲಿ ಉಳಿಯುವುದು, ಇವೆರಡೂ ಕೂಡಿದಲ್ಲಿ ಹಿತ್ತಲ ಕೋಳಿ ಇಂದಿಗೂ ಹೊರಗಿನ ಬಂಡವಾಳ ಬೇಡದ ಸಂಪಾದನೆಯಾಗಿ ನಡೆದಿದೆ.