ಬಸಿದ ನೀರು, ಡೇರಿಗೆ ಹೋದ ಹಾಲು: ಪಾರ್ಥೆನಾನ್ ಅಧ್ಯಯನ ಮತ್ತು ನಾಲ್ಕು ತಾಲ್ಲೂಕುಗಳ ಊಟ

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಹಳಬರ ಬಾಯಲ್ಲಿ ಇಂದಿಗೂ ಮಿಷನ್ ಆಸ್ಪತ್ರೆಯೇ. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆ ಕೂಸುಗಳು ನಡುವಯಸ್ಸಿಗೆ ಬಂದ ಮೇಲೆ ಆಸ್ಪತ್ರೆಯವರೂ ಇಂಗ್ಲೆಂಡಿನ ಸೌತಾಂಪ್ಟನ್‌ ಸಂಶೋಧಕರೂ ಸೇರಿ 517 ಮಂದಿಯನ್ನು ಪತ್ತೆಹಚ್ಚಿ ಪರೀಕ್ಷಿಸಿದರು. 1996ರಲ್ಲಿ ‘ಲ್ಯಾನ್ಸೆಟ್‌’ನಲ್ಲಿ ಬಂದ ಫಲಿತಾಂಶದ ಪ್ರಕಾರ, 45 ದಾಟಿದವರ ಪೈಕಿ ಎರಡೂವರೆ ಕೆ.ಜಿ.ಗಿಂತ ಹೆಚ್ಚು ತೂಗದೆ ಹುಟ್ಟಿದವರಲ್ಲಿ ಶೇ. 11ರಷ್ಟು ಮಂದಿಗೆ ಹೃದ್ರೋಗವಿತ್ತು, 3.1 ಕೆ.ಜಿ. ಮೇಲಿದ್ದವರಲ್ಲಿ ಶೇ. 3. ಇದೇ ದಾಖಲೆಗಳ ಬೆನ್ನುಹತ್ತಿ ಮುರಳಿ ಕೃಷ್ಣ ಮತ್ತು ಸಂಗಡಿಗರು 55ರಿಂದ 80ರ ವಯಸ್ಸಿನ 721 ಮಂದಿಯ ಗ್ರಹಣಶಕ್ತಿಯನ್ನೂ ಅಳೆದರು. ಹುಟ್ಟುವಾಗ ಹೆಚ್ಚು ತೂಗಿದವರು ಮುಪ್ಪಿನಲ್ಲಿ ತುಸು ಹೆಚ್ಚು ಅಂಕ ಪಡೆದರು.

ಹುಟ್ಟಿನ ತೂಕದ ಮಾತು ಬಂದ ಮೇಲೆ ತಾಯಿಯ ಊಟದ ಪ್ರಶ್ನೆ ಬಂದೇ ಬರುತ್ತದೆ. 1997–98ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರೊಡನೆ ಶುರುವಾದ ಪಾರ್ಥೆನಾನ್ ಅಧ್ಯಯನದಲ್ಲಿ ಶೇ. 43ರಷ್ಟು ತಾಯಂದಿರಿಗೆ ಬಿ-12 ಜೀವಸತ್ವದ ಕೊರತೆ ಇತ್ತು. ಫೋಲೇಟ್ ಕೊರತೆ ಇದ್ದದ್ದು ಶೇ. 4ರಷ್ಟು ಮಂದಿಗೆ ಮಾತ್ರ. ಮಕ್ಕಳಿಗೆ ಒಂಬತ್ತು–ಹತ್ತು ವರ್ಷವಾದಾಗ ಎಸ್.ಆರ್. ವೀಣಾ, ಜಿ.ವಿ. ಕೃಷ್ಣವೇಣಿ, ಕ್ಯಾರೊಲಿನ್ ಫಾಲ್ ಮೊದಲಾದವರು ಗ್ರಹಣಶಕ್ತಿ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ತಾಯಿಯ ರಕ್ತದಲ್ಲಿ ಫೋಲೇಟ್ ಹೆಚ್ಚಿದ್ದಂತೆ ಮಗುವಿನ ಅಂಕಗಳೂ ಹೆಚ್ಚಿದ್ದವು. ಅರ್ಧಕ್ಕೆ ಸಮೀಪದಷ್ಟು ತಾಯಂದಿರಿಗೆ ಕಡಿಮೆ ಇದ್ದ ಬಿ-12ಗೂ ಅಂಕಗಳಿಗೂ ಅಂಥ ನಂಟು ಕಾಣಲಿಲ್ಲ.

ಹಾಗೆಂದು ಬಿ-12 ಅನ್ನು ಲೆಕ್ಕದಿಂದ ಬಿಟ್ಟುಬಿಡುವುದು ಆತುರವಾದೀತು. ಹೋಮೋಸಿಸ್ಟೀನನ್ನು ಮೆಥಿಯೊನೀನಾಗಿ ಮಾರ್ಪಡಿಸುವ ಕಿಣ್ವಕ್ಕೆ ಬಿ-12 ಬೇಕೇ ಬೇಕು. ಅದಿಲ್ಲದಿದ್ದರೆ ಫೋಲೇಟ್ ಎಷ್ಟಿದ್ದರೂ ಒಂದೇ ರೂಪದಲ್ಲಿ ಸಿಕ್ಕಿಬೀಳುತ್ತದೆ. ನರಗಳ ಮಯಲಿನ್ ಹೊದಿಕೆಯೂ ಬಿ-12 ಅನ್ನು ನೆಚ್ಚಿಕೊಂಡಿದೆ. ಬಿ-12 ಕೊರತೆಯಿದ್ದ ಇದೇ ತಾಯಂದಿರಲ್ಲಿ ಗರ್ಭಾವಧಿ ಮಧುಮೇಹ ಹೆಚ್ಚಿತ್ತು. ಅವರಲ್ಲಿ ಫೋಲೇಟ್ ಏರಿದಷ್ಟೂ ಮಧುಮೇಹದ ಪ್ರಮಾಣ ಇನ್ನಷ್ಟು ಏರಿತು. ಆದರೆ ಆ ಮಧುಮೇಹವಿದ್ದ ತಾಯಂದಿರ ಮಕ್ಕಳೇ ಕೆಲವು ಪರೀಕ್ಷೆಗಳಲ್ಲಿ ಮುಂದಿದ್ದರು! ಅವರು ಬರೀ 32 ಮಕ್ಕಳು. ಸಕ್ಕರೆಯಿಂದ ಬುದ್ಧಿ ಬೆಳೆಯುತ್ತದೆ ಎಂದು ಹೊರಡುವವರು ಆ ಸಂಖ್ಯೆಯನ್ನೊಮ್ಮೆ ನೋಡಬೇಕು.

ಇವರೆಲ್ಲ ನಗರದ ಆಸ್ಪತ್ರೆಯೊಂದಕ್ಕೆ ಹೆರಿಗೆಗೆ ಬಂದವರು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಿಗೆ ಈ ಫಲಿತಾಂಶವನ್ನು ಹಾಗೆಯೇ ಹೊತ್ತೊಯ್ಯಲಾಗದು. ನಾಲೆ ನೀರಿನ ಕೆ.ಆರ್. ನಗರದ್ದು ಭತ್ತದ ಸೀಮೆ. ಪಿರಿಯಾಪಟ್ಟಣ, ಹುಣಸೂರಿನ ಹೊಲಗಳಲ್ಲಿ ರಾಗಿಯ ಜತೆ ಹೊಗೆಸೊಪ್ಪೂ ಇದೆ. ಇಲ್ಲಿನ ಊಟದ ಮಾತೆತ್ತಿದರೆ ಎಲ್ಲರೂ ಮುದ್ದೆಯನ್ನು ಹೊಗಳುತ್ತಾರೆ. ನಾನು ಮುದ್ದೆಗಿಂತ ಪಕ್ಕದ ಬಸ್ಸಾರಿನ ಕಡೆ ನೋಡುತ್ತೇನೆ. ಬೆರಕೆ ಸೊಪ್ಪು, ಕಾಳು ಬೇಯಿಸಿ, ಕಟ್ಟನ್ನು ಬಸಿದುಕೊಂಡು, ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ ಮಾಡುತ್ತಾರೆ. ಬೆಳ್ಳುಳ್ಳಿ, ಕಾಯಿ, ಮೆಣಸಿನಕಾಯಿ ಜತೆ ಒಂದು ಹಿಡಿ ಬೆಂದ ಸೊಪ್ಪನ್ನೂ ಅರೆದು ಆ ಕಟ್ಟಿಗೆ ಬೆರೆಸಿದರೆ ಸಾರು. ಫೋಲೇಟ್ ನೀರಿನಲ್ಲಿ ಕರಗುವ ಜೀವಸತ್ವ. ಕುದಿಯುವಾಗ ಒಂದಿಷ್ಟು ಹಾಳಾಗಿ, ಒಂದಿಷ್ಟು ನೀರಿಗಿಳಿಯುತ್ತದೆ. ಬಸ್ಸಾರಿನಲ್ಲಿ ಆ ನೀರು ತಟ್ಟೆಗೇ ಬರುತ್ತದೆ. ‘ವಾರಕ್ಕೆ ಎಷ್ಟು ಸಲ ಸೊಪ್ಪು ತಿನ್ನುತ್ತೀರಿ’ ಎಂದಷ್ಟೇ ಕೇಳುವ ಪ್ರಶ್ನಾವಳಿಗೆ, ಬಸಿದು ಚೆಲ್ಲಿದ ಮನೆಯೂ ಬಸಿದು ಉಂಡ ಮನೆಯೂ ಒಂದೇ.

ಎಚ್.ಡಿ. ಕೋಟೆಯ ಹಾಡಿಗಳದ್ದು ಬೇರೆಯೇ ಕಥೆ. ಜೇನುಕುರುಬರ ಊಟದಲ್ಲಿ ಕಾಡುಗೆಣಸು, ಕಳಲೆ, ಜೇನಿದ್ದ ಕಡೆ ಈಗ ಪಡಿತರದ ಅಕ್ಕಿ ಕೂತಿದೆ. ಅಲ್ಲಿ ಫೋಲೇಟ್ ಶೇ. 96ರಷ್ಟು ತಾಯಂದಿರಿಗೆ ಸಾಲುತ್ತಿದೆ ಎಂದು ನಗರದ ಲೆಕ್ಕದಿಂದ ಊಹಿಸಲು ಆಧಾರವೇ ಇಲ್ಲ.

ಇನ್ನು ಬಿ-12. ಸೊಪ್ಪು, ಕಾಳು, ರಾಗಿ ಯಾವುದರಲ್ಲೂ ಅದು ಸಿಗದು. ಹಾಲು, ಮೊಟ್ಟೆ, ಮೀನು, ಬಾಡಿನಲ್ಲೇ ಸಿಗಬೇಕು. ಬಾಡೂಟ ಹಬ್ಬಕ್ಕೋ ನೆಂಟರು ಬಂದಾಗಲೋ ಮಾತ್ರ ಆಗುವ ಮನೆಗಳಲ್ಲಿ ದಿನನಿತ್ಯದ ಆಸರೆ ಹಾಲೇ. ಕೊಟ್ಟಿಗೆಯಲ್ಲಿ ಸೀಮೆಹಸು ಇರುತ್ತದೆ. ಬೆಳಗಾದರೆ ಕ್ಯಾನು ಹಿಡಿದು ‘ಡೇರಿಗೆ ಹಾಲು ಹಾಕಿ’ ಬರುತ್ತಾರೆ. ಮನೆಗೆ ಉಳಿದದ್ದು ಕಾಫಿ, ಟೀ ಬಿಳಿಯಾಗುವಷ್ಟು. ಆದ್ದರಿಂದ ಈ ತಾಲ್ಲೂಕುಗಳಲ್ಲಿ ಅಧ್ಯಯನ ನಡೆಸುವವರು ‘ಹಸು ಇದೆಯೇ’ ಎಂಬಲ್ಲಿಗೆ ನಿಲ್ಲಬಾರದು. ಇವತ್ತು ಕರೆದ ಹಾಲಿನಲ್ಲಿ ಡೇರಿಗೆ ಎಷ್ಟು ಹೋಯಿತು, ಮನೆಯಲ್ಲಿ ಎಷ್ಟು ಉಳಿಯಿತು, ಉಳಿದದ್ದರಲ್ಲಿ ಬಸುರಿ ಸೊಸೆಯ ಲೋಟಕ್ಕೆ ಬಿದ್ದದ್ದೆಷ್ಟು ಎಂದು ಕೇಳಬೇಕು. ಅದನ್ನೂ ಅತ್ತೆ ಎದುರಿಗಿಲ್ಲದ ಹೊತ್ತು ನೋಡಿ ಕೇಳಬೇಕು.