ಕನ್ನಡ ಕರಾವಳಿಯ ಚರ್ಚುಗಳ ಜಗಳ ಮತ್ತು ಜೋಸೆಫ್ ವಾಜ್

ತಪ್ಪು ಮಾಡಿದವರನ್ನು ಕ್ಷಮಿಸದೆ ದೇವರ ಕ್ಷಮೆ ಕೇಳಬಾರದೆಂಬುದು ಕ್ರೈಸ್ತರ ನಿತ್ಯಪ್ರಾರ್ಥನೆಯಲ್ಲೇ ಇರುವ ಷರತ್ತು. ಬೇಲೆಕೇರಿ, ಅಂಕೋಲಾಗಳಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ 17ನೇ ಶತಮಾನದ ಕೊನೆಗೆ ಈ ಷರತ್ತನ್ನು ಮರೆತವರು ಭಕ್ತರಿಗಿಂತ ಹೆಚ್ಚಾಗಿ ಚರ್ಚಿನ ಅಧಿಕಾರಿಗಳೇ. ಪೋರ್ಚುಗೀಸ್ ದೊರೆಯ ಪಡ್ರುವಾಡೋ (ಚರ್ಚುಗಳ ಪೋಷಕತ್ವದ) ಹಕ್ಕಿನ ಬಲದಿಂದ ಗೋವಾದ ಆರ್ಚ್‌ಬಿಷಪ್ ಇಲ್ಲಿನ ಚರ್ಚುಗಳು ತಮ್ಮವೆನ್ನುತ್ತಿದ್ದರು. ರೋಮ್ ನೇರವಾಗಿ ನೇಮಿಸಿದ್ದ ಬಿಷಪ್ ತೊಮಾಸ್ ದೆ ಕಾಸ್ತ್ರೊ ಅದನ್ನು ಒಪ್ಪಲಿಲ್ಲ. ಒಂದು ಪಕ್ಷದ ಪಾದ್ರಿ ಕೊಟ್ಟ ಸಂಸ್ಕಾರ ಇನ್ನೊಂದು ಪಕ್ಷಕ್ಕೆ ಅಸಿಂಧು. ಪಾಪನಿವೇದನೆಗೆ ಯಾರ ಬಳಿ ಹೋಗಬೇಕೆಂದು ತಿಳಿಯದೆ ಜನ ಕಂಗೆಟ್ಟರು.

ಕರಾವಳಿಯನ್ನು ಕೆಳದಿಯ ರಾಣಿ ಚೆನ್ನಮ್ಮ ಆಳುತ್ತಿದ್ದ ಕಾಲವದು. 1681ರಲ್ಲಿ ಗೋವಾದ ಪರವಾಗಿ ಬಂದ ಪಾದ್ರಿ ಜೋಸೆಫ್ ವಾಜ್ (1651–1711) ಎದುರಾಳಿಯ ಮೇಲೆ ಬಹಿಷ್ಕಾರ ಹಾಕುವ ಬದಲು ವಿನಯದಿಂದ ಮಾತುಕತೆಗೆ ಕೂತರು. ಕಳಿಸಿದವರಿಗೆ ಇದು ರುಚಿಸುವ ದಾರಿಯಾಗಿರಲಿಲ್ಲ. 1684ರಲ್ಲಿ ಕಾಸ್ತ್ರೊ ತೀರಿಕೊಂಡರು. ವಾಜ್ ಗೋವಾಕ್ಕೆ ಮರಳಿ, ಮುಂದೆ ಸಿಂಹಳಕ್ಕೆ ಹೋದರು. ಹಕ್ಕಿನ ತಕರಾರು ಮಾತ್ರ ರೋಮ್ ಮತ್ತು ಪೋರ್ಚುಗಲ್ ನಡುವಿನ 1886ರ ಒಪ್ಪಂದದವರೆಗೂ ಮುಂದುವರಿಯಿತು. 2015ರಲ್ಲಿ ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ವಾಜರನ್ನು ಸಂತರೆಂದು ಘೋಷಿಸಿದರು.