ಹೋರಿ ಬೆದರಿಸುವ ಸ್ಪರ್ಧೆ

ದೀಪಾವಳಿಯ ಬಲಿಪಾಡ್ಯಮಿಯಿಂದ ಮೊದಲಾಗಿ ಮುಂದಿನ ಕೆಲವು ತಿಂಗಳು ಮಧ್ಯ ಕರ್ನಾಟಕದ ಹಳ್ಳಿಗಳಲ್ಲಿ ನಡೆಯುವ ಜಾನುವಾರು ಕ್ರೀಡೆ. ಕೊಬ್ಬರಿ ಹೋರಿ ಹಬ್ಬವೆಂಬ ಹೆಸರೂ ಇದಕ್ಕುಂಟು. ದಾವಣಗೆರೆ ಜಿಲ್ಲೆಯ ಹೊನ್ನಾಳಿ ಮತ್ತು ನ್ಯಾಮತಿ, ಅವಕ್ಕೆ ನೆರೆಯ ಶಿಕಾರಿಪುರ, ಸೊರಬ, ಹಿರೇಕೆರೂರು, ಬ್ಯಾಡಗಿ, ಹಾನಗಲ್ಲು ಇದರ ಮುಖ್ಯ ಸೀಮೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ; ಅದಕ್ಕೂ ಮೊದಲು ಹೊನ್ನಾಳಿ, ಚನ್ನಗಿರಿ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿ ತಾಲ್ಲೂಕಾದದ್ದು ಇನ್ನೂ ಈಚೆಗೆ. ಹಬ್ಬ ಈ ಗೆರೆಗಳನ್ನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ಪಶ್ಚಿಮದ ಹೊನ್ನಾಳಿಯಲ್ಲಿ ದನದ ಮೇಲಿನ ಅಭಿಮಾನ ಅಖಾಡಕ್ಕೆ ಇಳಿದರೆ, ಪೂರ್ವದ ಒಣಸೀಮೆ ಜಗಳೂರಿನ ಕಡೆ ಅದೇ ಅಭಿಮಾನ ಮ್ಯಾಸಬೇಡ ಸಮುದಾಯದ ದೇವರೆತ್ತುಗಳ ಆರಾಧನೆಯಾಗಿ ಉಳಿದಿದೆ. ಚನ್ನಗಿರಿಗೆ ಹತ್ತಿರದ ಅಜ್ಜಂಪುರದಲ್ಲಿ ಮೈಸೂರು ಅರಸರ ಕಾಲದಿಂದ ಬಂದ ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರವಿದೆ. ಕುದುರೆಯ ಆಟ ಸೇನೆ ಮತ್ತು ನಗರದ ಸವಾರಿ ಶಾಲೆಗಳಲ್ಲಿ ಬೆಳೆದ ನಾಡಿನಲ್ಲಿ, ಹಳ್ಳಿಯ ಪಾಲಿಗೆ ಓಟದ ಪ್ರಾಣಿ ಎಂದರೆ ಎತ್ತು, ಹೋರಿ.

ಆಟದ ಕ್ರಮ ನೋಡಲು ಸರಳ. ಊರ ಹೊರಗಿನ ಬಯಲೋ ಅಗಲವಾದ ದಾರಿಯೋ ಅಖಾಡವಾಗುತ್ತದೆ. ಎರಡೂ ಮಗ್ಗುಲಿಗೆ ಜನ ಕಿಕ್ಕಿರಿದಿರುತ್ತಾರೆ. ಹೋರಿಗಳನ್ನು ಒಂದೊಂದಾಗಿ ಬಿಡುತ್ತಾರೆ. ಕೊರಳಿಗೆ ಒಣಕೊಬ್ಬರಿ ಬಟ್ಟಲುಗಳನ್ನು ಪೋಣಿಸಿದ ಸರ, ಕೋಡಿಗೆ ರಿಬ್ಬನ್ನು, ಬಲೂನು, ಬೆನ್ನಿಗೆ ಬಣ್ಣದ ಜೂಲ. ಹಗ್ಗ ಬಿಚ್ಚಿದ್ದೇ ತಡ, ಕೊಬ್ಬರಿ ಹರಿಯುವ ಹುಡುಗರು ಮೇಲೆ ಬೀಳುತ್ತಾರೆ. ಸರ ಕೊಡದೆ ದಾಟಿದ ಹೋರಿಗೆ ಗೆಲುವು; ಹರಿದವನಿಗೆ ಕೊಬ್ಬರಿ, ಊರಿನಲ್ಲಿ ಹೆಸರು. ಇದರ ಹಿಂದೆ ವರ್ಷದ ದುಡಿಮೆಯಿದೆ: ಹುರುಳಿ, ಹತ್ತಿಕಾಳು, ಹಿಂಡಿ ತಿನ್ನಿಸಬೇಕು, ಕೆರೆಯಲ್ಲೋ ಹೊಳೆಯಲ್ಲೋ ಈಜಿಸಬೇಕು, ಜನದ ಗದ್ದಲ ಅಭ್ಯಾಸ ಮಾಡಿಸಬೇಕು. ಹೆಸರಾದ ಹೋರಿಗೆ ಅಭಿಮಾನಿಗಳ ಬಳಗವೇ ಇರುತ್ತದೆ; ಅದರ ಹೆಸರಿನ ಟೀ ಶರ್ಟು, ಬ್ಯಾನರು ಮಾಡಿಸುತ್ತಾರೆ. ಸತ್ತರೆ ಮೆರವಣಿಗೆ ಮಾಡಿ ಮಣ್ಣು ಮಾಡುತ್ತಾರೆ, ಕೆಲವೆಡೆ ಪುಣ್ಯತಿಥಿಯನ್ನೂ ನಡೆಸುತ್ತಾರೆ. ಇಷ್ಟು ಅಕ್ಕರೆಯನ್ನು ಕಂಡೂ ಇದನ್ನು ಬರೀ ಹಿಂಸೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಆದರೆ ಅಕ್ಕರೆಯೊಂದೇ ಸಾಲದು. ಹಬ್ಬದ ಒಂದು ದಿನದ ಆಚರಣೆ ಊರೂರು ಸುತ್ತುವ ಪಂದ್ಯಾವಳಿಯಾಗಿದೆ. ಕೊಬ್ಬರಿಯ ಜೊತೆಗೆ ಬೈಕು, ಬಂಗಾರ, ಫ್ರಿಜ್ಜು ಬಹುಮಾನಕ್ಕೆ ಬಂದಿವೆ. ಬಹುಮಾನ ಬೆಳೆದಷ್ಟು ವೇಗದಲ್ಲಿ ಬರೆದಿಟ್ಟ ನಿಯಮ ಬೆಳೆಯಲಿಲ್ಲ. ಅಖಾಡದ ಅಗಲ, ಬೇಲಿಯ ಗಟ್ಟಿತನ, ಒಂದು ಹೋರಿಯ ಮೇಲೆ ಎಷ್ಟು ಜನ ಬೀಳಬಹುದು ಎಂಬುದೆಲ್ಲ ಬಹಳ ಕಡೆ ಆಯಾ ಊರಿನ ಸಮಿತಿಯ ಮರ್ಜಿ. ಹಾವೇರಿ, ಶಿವಮೊಗ್ಗ ಜಿಲ್ಲೆಗಳಲ್ಲಿ ಹೋರಿ ತಿವಿದು ಸತ್ತವರಲ್ಲಿ ಆಡಲು ಇಳಿಯದೆ ಸುಮ್ಮನೆ ನೋಡಲು ನಿಂತವರೂ ಇದ್ದಾರೆ. ಈ ಸಾವುಗಳಿಗೆ ಹೋರಿಯ ಸ್ವಭಾವವನ್ನು ದೂರಿ ಫಲವಿಲ್ಲ; ಬೇಲಿಯಿಲ್ಲದ ಅಖಾಡವೇ ಅವಕ್ಕೆ ಕಾರಣ.

ಪ್ರಾಣಿಯೊಂದಿಗಿನ ಆಟ ನಿಯಮದಿಂದ ಹೇಗೆ ನೆಲೆ ನಿಲ್ಲುತ್ತದೆ ಎಂಬುದಕ್ಕೆ ಕುದುರೆಯ ಅಡೆತಡೆ ಜಿಗಿತದ ವಿಶ್ವಕಪ್ ಒಳ್ಳೆಯ ಸಾಕ್ಷಿ. ಸ್ವಿಟ್ಜರ್ಲೆಂಡಿನ ಪತ್ರಕರ್ತ ಮ್ಯಾಕ್ಸ್ ಅಮ್ಮನ್ ಅವರ ಕಲ್ಪನೆಯಂತೆ 1978ರಲ್ಲಿ ಶುರುವಾದ ಈ ಸರಣಿಯ ಮೊದಲ ಫೈನಲ್ 1979ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನ ಒಳಾಂಗಣದಲ್ಲಿ ನಡೆಯಿತು. ಆಸ್ಟ್ರಿಯಾದ ಹ್ಯೂಗೋ ಸೈಮನ್ ಗ್ಲ್ಯಾಡ್‌ಸ್ಟೋನ್ ಎಂಬ ಕುದುರೆಯೇರಿ ಗೆದ್ದರು. ಯುರೋಪಿನ ಚಳಿಗೆ ಹೆದರಿ ಸೂರಿನಡಿ ಸೇರಿದ ಆಟ 2006ರಲ್ಲಿ ಕ್ವಾಲಾಲಂಪುರದವರೆಗೂ ಬಂತು. ಎಲ್ಲಿ ನಡೆದರೂ ಕಟ್ಟಳೆ ಒಂದೇ. ಸ್ಪರ್ಧೆಗೆ ಮೊದಲು ಪಶುವೈದ್ಯರು ಕುದುರೆಯನ್ನು ನಡೆಸಿ ನೋಡುತ್ತಾರೆ. ಗೊರಸು ತಗುಲಿದರೆ ಅಡ್ಡಗಂಬಿ ಕಳಚಿ ಬೀಳುವಂತೆ ಕೂರಿಸಿರುತ್ತಾರೆ. ಬಿದ್ದರೆ ನಾಲ್ಕು ದಂಡದ ಅಂಕ, ಕುದುರೆಯ ಕಾಲಿಗೆ ಪೆಟ್ಟು ಕಡಿಮೆ. ಎರಡನೆಯ ಸಲ ಜಿಗಿಯಲು ಒಲ್ಲೆನೆಂದ ಕುದುರೆ ಕಣದಿಂದ ಹೊರಗೆ. ಪ್ರಾಣಿಯ ನಿರಾಕರಣೆಗೂ ತೀರ್ಪಿನಲ್ಲಿ ಜಾಗವಿದೆ ಎಂಬುದೇ ಇಲ್ಲಿ ದೊಡ್ಡ ಮಾತು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದ ಕುದುರೆ ಸವಾರಿ ಸ್ಪರ್ಧೆ ಈವೆಂಟಿಂಗ್‌ನಲ್ಲಿ ಬೆಳ್ಳಿ ಗೆದ್ದದ್ದೂ ಇಂಥ ಕಟ್ಟಳೆಗಳ ಒಳಗೇ.

ಪಳಗಿದ ಕುದುರೆಯ ಬೆನ್ನ ಮೇಲೆ ಸವಾರನಿರುತ್ತಾನೆ, ಹೋರಿ ಒಂಟಿಯಾಗಿ ಓಡುತ್ತದೆ, ಹೋಲಿಕೆ ಸಲ್ಲದು ಎನ್ನಬಹುದು. ಹಿಡಿಯುವವರಿಲ್ಲದ ಪ್ರಾಣಿಗೆ ಬೇಲಿ ಹೆಚ್ಚು ಬೇಕೇ ಹೊರತು ಕಡಿಮೆಯಲ್ಲ. ನಿಯಮವಿದ್ದಲ್ಲೂ ಮೋಸವಿದೆ ಎಂಬುದು ಇನ್ನೊಂದು ಆಕ್ಷೇಪ. 2008ರ ಒಲಿಂಪಿಕ್ಸ್‌ನಲ್ಲಿ ಮೆಣಸಿನ ಖಾರದ ಅಂಶ ಕ್ಯಾಪ್ಸೈಸಿನ್ ಪತ್ತೆಯಾದ ಜಿಗಿತದ ಕುದುರೆಗಳು ಇದ್ದವು, ನಿಜ. ಪರೀಕ್ಷೆ ಇದ್ದದ್ದರಿಂದಲೇ ಅದು ಸಿಕ್ಕಿಬಿತ್ತು. ಕಟ್ಟಳೆ ಬಂದರೆ ಹಬ್ಬದ ಸೊಗಡು ಹೋಗುತ್ತದೆ ಎಂಬ ಆತಂಕಕ್ಕೆ ಕಾನೂನಿನ ಇತಿಹಾಸವೇ ಉತ್ತರ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನಗಾಡಿ ಓಟಗಳನ್ನು ನಿಷೇಧಿಸಿದಾಗ ಇಂಥ ಎಲ್ಲ ಆಟಗಳ ಮೇಲೂ ತೂಗುಗತ್ತಿ ಬಂತು. 2017ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ ಹೆಸರು ಹಿಡಿದು ಉಳಿಸಿದ್ದು ಕಂಬಳವನ್ನು, ಎತ್ತುಗಳ ಓಟ ಮತ್ತು ಗಾಡಿ ಓಟವನ್ನು. ತಮಿಳುನಾಡು ಜಲ್ಲಿಕಟ್ಟಿಗೆ ವೈದ್ಯರ ತಪಾಸಣೆ, ಎರಡು ಸುತ್ತಿನ ಬೇಲಿ ಮೊದಲಾದವನ್ನು ವಿವರವಾಗಿ ಬರೆದು ನಿಯಮ ಮಾಡಿತು. 2023ರ ಮೇ 18ರಂದು ಸಂವಿಧಾನ ಪೀಠ ಈ ರಾಜ್ಯಗಳ ತಿದ್ದುಪಡಿಗಳನ್ನು ಎತ್ತಿಹಿಡಿದಾಗ ಅವುಗಳ ಜೊತೆಗೆ ಬಂದ ನಿಯಮಗಳನ್ನೂ ಗಮನಿಸಿತು. ನಿಯಮಗಳು ಕಟ್ಟುನಿಟ್ಟಾಗಿ ಜಾರಿಯಾಗಬೇಕೆಂದೂ ಹೇಳಿತು. ಉಳಿದದ್ದು ಖರ್ಚಿನ ಮಾತು. ಸಣ್ಣ ಊರಿನ ಸಮಿತಿಗೆ ಇದೆಲ್ಲ ಹೊರೆ ಎನ್ನುತ್ತಾರೆ. ಮೊದಲ ಬಹುಮಾನಕ್ಕೆ ಬೈಕು ಕೊಡಬಲ್ಲ ಸಮಿತಿ ಅಖಾಡದ ಎರಡೂ ಬದಿಗೆ ಗಳು ಕಟ್ಟಿಸಿ ಒಬ್ಬ ಪಶುವೈದ್ಯರನ್ನು ಕರೆಸಬಲ್ಲದು.